ಸ್ವಾಮಿಗಳ ವೀಸಾ, ಶಿಷ್ಯರ ಸಹಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವೀಸಾದ ಮಾತು ಬಂದರೆ ಪ್ರತಿಯೊಬ್ಬರೂ ಅರ್ಧ ವಕೀಲರೇ. ಎಚ್-1ಬಿ ನವೀಕರಣಕ್ಕೆ ಯಾವ ಕಾಗದ ಬೇಕು, ಗ್ರೀನ್ ಕಾರ್ಡಿನ ಸರದಿ ಎಲ್ಲಿಗೆ ಬಂದು ನಿಂತಿದೆ, ಮೊಮ್ಮಗುವನ್ನು ನೋಡಲು ಬರುವ ಅಮ್ಮನಿಗೆ ಚೆನ್ನೈಯ ದೂತಾವಾಸದಲ್ಲಿ ಏನು ಕೇಳುತ್ತಾರೆ ಎಂಬುದನ್ನೆಲ್ಲ ನಾವು ಹುಳಿಗೆ ಒಗ್ಗರಣೆ ಹಾಕುತ್ತಲೇ ಹೇಳಬಲ್ಲೆವು. ಆದರೆ ನಮ್ಮ ಅಧ್ಯಯನ ಮಂಡಲಿಗೆ ವೇದಾಂತದ ಪಾಠ ಹೇಳುವ ಸನ್ಯಾಸಿಗಳು ಈ ದೇಶದಲ್ಲಿ ಶಾಶ್ವತವಾಗಿ ಉಳಿಯಲು ಅನುಮತಿ ಕೋರಬೇಕಾಗಿ ಬಂದಾಗ ಆ ತಿಳಿವಳಿಕೆಯಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಬರಲಿಲ್ಲ. ಇಲ್ಲಿ ಅರ್ಜಿ ಸಲ್ಲಿಸುವುದು ಕಂಪನಿಯಲ್ಲ, ಪದವಿ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ, ಸಂಬಳದ ಚೀಟಿ ಇರುವುದೇ ಇಲ್ಲ. ಇರುವುದು ಒಬ್ಬ ಸನ್ಯಾಸಿ, ಅವರ ಎದುರು ಕುಳಿತು ಕೇಳುವ ನಾವು, ಮತ್ತು ನಮ್ಮಿಬ್ಬರ ನಡುವಿನ ಸಂಬಂಧ ಏನೆಂದು ತಿಳಿಯಬಯಸುವ ಒಂದು ಸರ್ಕಾರ. ಅರ್ಜಿ ಇನ್ನೂ ಇತ್ಯರ್ಥವಾಗದ ಕಾರಣ ಸ್ವಾಮಿಗಳ ಹೆಸರನ್ನಾಗಲಿ ಅವರ ಗುರುಪೀಠದ ಹೆಸರನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ಹೇಳಬೇಕಾದದ್ದು ಅವರ ಬಗ್ಗೆ ಅಲ್ಲ, ಗುರುವಿನ ಪರವಾಗಿ ಸರ್ಕಾರದ ಮುಂದೆ ಮಾತನಾಡಬೇಕಾದ ಶಿಷ್ಯನ ಬಗ್ಗೆ.

ವಕೀಲರು ನಮ್ಮಿಂದ ಬೆಂಬಲದ ಪತ್ರಗಳನ್ನು ಕೇಳಿದ್ದರು. ಬಂದ ಪತ್ರಗಳಲ್ಲಿ ಒಂದು ಗುರುಸ್ತೋತ್ರದಿಂದ ಆರಂಭವಾಗಿತ್ತು. ಇನ್ನೊಂದರಲ್ಲಿ ಸ್ವಾಮಿಗಳ ದರ್ಶನದ ನಂತರ ಮೊಣಕಾಲು ನೋವು ಗುಣವಾದ ಪ್ರಸಂಗವಿತ್ತು. ಹಿರಿಯರೊಬ್ಬರು ಅವರನ್ನು ಸಾಕ್ಷಾತ್ ದಕ್ಷಿಣಾಮೂರ್ತಿ ಎಂದೇ ಕರೆದಿದ್ದರು. ಹಿಂದೂ ಸಂಪ್ರದಾಯಗಳ ಪರಿಚಯ ಅಷ್ಟಾಗಿ ಇಲ್ಲದ ಆ ವಕೀಲರು ಎಲ್ಲವನ್ನೂ ಗೌರವದಿಂದಲೇ ಓದಿ, ಪ್ರತಿಯೊಂದರ ಅಂಚಿನಲ್ಲೂ ಒಂದೇ ಬಗೆಯ ಪ್ರಶ್ನೆಗಳನ್ನು ಬರೆದು ಕಳುಹಿಸಿದರು: ವಾರದ ಯಾವ ದಿನ ಪಾಠ, ಎಷ್ಟು ಹೊತ್ತು, ಯಾವ ಗ್ರಂಥ, ಎಷ್ಟು ಜನ, ಇದು ನಿಮಗೆ ತಿಳಿದದ್ದು ಹೇಗೆ? ಕೆಲವರಿಗೆ ನೋವಾಯಿತು. ಗುರುವಿನ ಮಹಿಮೆಯನ್ನು ಗಂಟೆಗಳಲ್ಲಿ ಅಳೆಯುವುದೇ ಎಂದರು. ನನಗಾದರೋ ಆ ಪ್ರಶ್ನೆಗಳಲ್ಲಿ ನಮ್ಮ ಪ್ರಾಚೀನ ತರ್ಕದರ್ಶನವಾದ ನ್ಯಾಯಶಾಸ್ತ್ರದ ಧ್ವನಿಯೇ ಕೇಳಿಸಿತು. ಆಪ್ತನ, ಅಂದರೆ ನಂಬಲರ್ಹನಾದವನ, ಮಾತು ಪ್ರಮಾಣವಾಗಬೇಕಾದರೆ ಆತ ಹೇಳುವ ವಿಷಯವನ್ನು ತಾನೇ ಕಂಡವನಾಗಿರಬೇಕು, ಕಂಡಂತೆಯೇ ಹೇಳುವ ಇಚ್ಛೆಯುಳ್ಳವನಾಗಿರಬೇಕು ಎಂದು ನೈಯಾಯಿಕರು ಹೇಳುತ್ತಾರೆ. ವಕೀಲರು ಕೇಳಿದ್ದು ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಸ್ತೋತ್ರ ಹೇಳುವವನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸಾಕ್ಷಿ ಹೇಳುವವನಿಗೆ ಅನ್ವಯಿಸುತ್ತದೆ. ಈ ದೇಶದಲ್ಲಿ ಗುರುಗಳ ವಲಸೆಯ ಇತಿಹಾಸವನ್ನು ಓದುತ್ತ ಹೋದಂತೆ, ಶಿಷ್ಯರು ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಾಗ ಗುರುಗಳಿಗೆ ಒಳಿತಾಗಿದೆ, ಬೆರೆಸಿದಾಗ ಕೇಡಾಗಿದೆ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಯಿತು.

ಆ ಇತಿಹಾಸದಲ್ಲಿ ಮೊದಲು ಸಿಗುವ ದೊಡ್ಡ ಮೊಕದ್ದಮೆ ಹಿಂದೂಗಳದ್ದಲ್ಲ. ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಚರ್ಚು 1887ರಲ್ಲಿ ಇಂಗ್ಲೆಂಡಿನ ಪಾದ್ರಿ ವಾಲ್‌ಪೋಲ್ ವಾರನ್ ಅವರನ್ನು ಒಪ್ಪಂದ ಮಾಡಿಕೊಂಡು ಕರೆಸಿಕೊಂಡಿತು. ಅದಕ್ಕೆ ಎರಡು ವರ್ಷ ಮೊದಲು, ಅಂದರೆ 1885ರಲ್ಲಿ, ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತ್ತು: ಯಾವುದೇ ರೀತಿಯ ದುಡಿಮೆ ಅಥವಾ ಸೇವೆಗಾಗಿ ಒಪ್ಪಂದ ಮಾಡಿಕೊಂಡು ವಿದೇಶೀಯರನ್ನು ಕರೆತರುವುದು, ಕರೆತರಲು ನೆರವಾಗುವುದು ಅಪರಾಧ, ದಂಡ ಸಾವಿರ ಡಾಲರ್. ಅಗ್ಗದ ಕೂಲಿಗಳನ್ನು ಹಡಗಿನಲ್ಲಿ ತುಂಬಿ ತರುವ ಕಾರ್ಖಾನೆ ಮಾಲೀಕರನ್ನು ಗುರಿಯಾಗಿಸಿಕೊಂಡ ಈ ಕಾನೂನಿನಲ್ಲಿ ನಟರಿಗೆ, ಗಾಯಕರಿಗೆ, ಉಪನ್ಯಾಸಕರಿಗೆ, ಮನೆಗೆಲಸದವರಿಗೆ ವಿನಾಯಿತಿ ಇತ್ತು. ಪಾದ್ರಿಗಳ ಹೆಸರು ಬರೆಯಲು ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ತಮ್ಮ ಗುರುವನ್ನು ಕರೆಸಿಕೊಂಡ ಭಕ್ತರ ಸಭೆಯೇ ಕೆಳಗಿನ ನ್ಯಾಯಾಲಯದಲ್ಲಿ ತಪ್ಪಿತಸ್ಥ ಎನಿಸಿತು. 1892ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಪಾದ್ರಿಯ ನೇಮಕ ಕಾನೂನಿನ ಅಕ್ಷರಕ್ಕೆ ಸಿಕ್ಕಿಬೀಳಬಹುದು, ಆದರೆ ಅದರ ಆಶಯಕ್ಕೆ ಅಲ್ಲ ಎಂದು ನ್ಯಾಯಮೂರ್ತಿ ಡೇವಿಡ್ ಬ್ರೂವರ್ ಬರೆದರು. ಅಲ್ಲಿಗೇ ನಿಲ್ಲದೆ, ಇದು ಕ್ರೈಸ್ತ ರಾಷ್ಟ್ರ ಎಂದೂ ಸೇರಿಸಿದರು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಅಕ್ಷರ ಮತ್ತು ಆಶಯದ ಜಗಳಕ್ಕಾಗಿ ಓದುತ್ತಾರೆ. ನನಗೆ ಅದರಲ್ಲಿ ಕಂಡದ್ದು ಬೇರೆ: ಕಟಕಟೆಯಲ್ಲಿ ನಿಂತದ್ದು ಗುರುವಲ್ಲ, ಕರೆಸಿಕೊಂಡವರು. ಇಂದಿಗೂ ಅದು ಹಾಗೆಯೇ ಇದೆ. ಧಾರ್ಮಿಕ ಕಾರ್ಯಕರ್ತರ ವೀಸಾಕ್ಕೆ ಅರ್ಜಿ ಹಾಕುವುದು ಸಂಸ್ಥೆ. ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆಂದು ಒಪ್ಪಿ ಸಹಿ ಹಾಕುವವನು ಸಂಸ್ಥೆಯ ಪರವಾಗಿ ನಿಂತ ಒಬ್ಬ ಶಿಷ್ಯ.

ಕ್ರೈಸ್ತ ರಾಷ್ಟ್ರವೆಂದು ಬರೆದುಕೊಂಡ ದೇಶ ನಮ್ಮವರಿಗೆ ಬಾಗಿಲನ್ನು ಪೂರ್ತಿ ಮುಚ್ಚಿತೇ ಎಂದರೆ ಅದೂ ಇಲ್ಲ. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಪಂಜಾಬಿನ ರೈತ ಬರುವಂತಿಲ್ಲ, ಬಂಗಾಳದ ನಾವಿಕ ಬರುವಂತಿಲ್ಲ. ಆದರೆ ಅದೇ ಕಾನೂನಿನ ವಿನಾಯಿತಿ ಪಟ್ಟಿಯಲ್ಲಿ ವಿದ್ಯಾರ್ಥಿ, ವೈದ್ಯ, ವ್ಯಾಪಾರಿಗಳ ಜೊತೆಗೆ ಧರ್ಮಬೋಧಕರೂ ಇದ್ದರು. 1920ರಲ್ಲಿ ಪರಮಹಂಸ ಯೋಗಾನಂದರು ಬಾಸ್ಟನ್ನಿನ ಧಾರ್ಮಿಕ ಸಮ್ಮೇಳನವೊಂದಕ್ಕೆ ಬಂದು ಇಲ್ಲೇ ಬೇರೂರಿದ್ದು ಇಂತಹ ಕಾಲದಲ್ಲಿ. ಬರುವುದಕ್ಕೆ ಅವಕಾಶವಿತ್ತೇ ಹೊರತು ಇಲ್ಲಿಯವರಾಗುವುದಕ್ಕೆ ಇರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆ ಥಿಂಡ್ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಸಿಖ್ಖರು. ಪೌರತ್ವ ಕಳೆದುಕೊಂಡ ಮೇಲೂ ಊರೂರು ಸುತ್ತಿ ಅಧ್ಯಾತ್ಮದ ಉಪನ್ಯಾಸ ನೀಡುತ್ತ ಬದುಕಿದರು, ಮತ್ತು 1936ರಲ್ಲಿ, ಮಾಜಿ ಸೈನಿಕರಿಗಾಗಿ ಬಂದ ಬೇರೊಂದು ಕಾನೂನಿನ ನೆರವಿನಿಂದ, ಕೊನೆಗೂ ಪೌರರಾದರು. ಯೋಗಾನಂದರಿಗೆ ಪೌರತ್ವ ಸಿಕ್ಕಿದ್ದು 1949ರಲ್ಲಿ, ಬಂದು ಮೂರು ದಶಕಗಳಾಗುತ್ತಿದ್ದಾಗ. ಇನ್ನು 1924ರ ಕಾನೂನು ಧರ್ಮಬೋಧಕರಿಗೆ ದೇಶವಾರು ಕೋಟಾದ ಹೊರಗೆ ಪ್ರವೇಶ ಕೊಡುತ್ತ ಒಂದು ಷರತ್ತು ಹಾಕಿತು: ಬರುವುದಕ್ಕೆ ಹಿಂದಿನ ಎರಡು ವರ್ಷ ಅದೇ ವೃತ್ತಿಯಲ್ಲಿ ನಿರಂತರವಾಗಿ ಇದ್ದಿರಬೇಕು. ನಮ್ಮ ಸ್ವಾಮಿಗಳ ಅರ್ಜಿಯಲ್ಲಿ ನಾವು ಸಾಬೀತುಪಡಿಸಬೇಕಾದ ಎರಡು ವರ್ಷದ ನಿರಂತರ ಸೇವೆಯ ಮೂಲ ಅಲ್ಲಿದೆ. ನೂರು ವರ್ಷ ಹಳೆಯ ಅಳತೆಗೋಲು.

1965ರ ಸೆಪ್ಟೆಂಬರ್ 17ರಂದು ಜಲದೂತ ಎಂಬ ಸರಕು ಹಡಗು ಬಾಸ್ಟನ್ ತಲುಪಿದಾಗ ಅದರಲ್ಲಿ ಎ.ಸಿ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರಿದ್ದರು. ವಯಸ್ಸು 69. ದಾರಿಯಲ್ಲಿ ಹೃದಯಾಘಾತವಾಗಿತ್ತು, ಹಡಗಿನ ಉಚಿತ ಟಿಕೆಟನ್ನು ಸಿಂಧಿಯಾ ಹಡಗು ಕಂಪನಿಯ ಸುಮತಿ ಮೊರಾರ್ಜಿ ಕೊಡಿಸಿದ್ದರು, ಪೆನ್ಸಿಲ್ವೇನಿಯದಲ್ಲಿದ್ದ ಪರಿಚಿತರೊಬ್ಬರ ಮಗ ಪ್ರಾಯೋಜಕನಾಗಿ ನಿಂತಿದ್ದ. ಅಮೆರಿಕದಲ್ಲಿ ಅವರಿಗೆ ಒಬ್ಬನೇ ಒಬ್ಬ ಶಿಷ್ಯನೂ ಇರಲಿಲ್ಲ. ಭಾರತಕ್ಕೆ ವರ್ಷಕ್ಕೆ ಕೇವಲ 100 ಜನರ ಕೋಟಾ ಇದ್ದ ದಿನಗಳವು. ಅವರು ಬಂದಿಳಿದ ಎರಡು ವಾರಗಳ ಬಳಿಕ, ಅಕ್ಟೋಬರ್ 3ರಂದು, ಆ ಕೋಟಾ ಪದ್ಧತಿಯನ್ನೇ ಕೊನೆಗಾಣಿಸುವ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಆದರೆ ಅದರ ಫಲ ಪ್ರಭುಪಾದರಿಗೆ ಕೂಡಲೇ ಸಿಗಲಿಲ್ಲ. ಅಲ್ಪಾವಧಿಯ ವೀಸಾವನ್ನು ಮತ್ತೆ ಮತ್ತೆ ವಿಸ್ತರಿಸಿಕೊಳ್ಳುತ್ತ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದ ಅಂಗಡಿ ಮಳಿಗೆಯೊಂದರಲ್ಲಿ ಪಾಠ ಹೇಳಿದರು, 1966ರ ಜುಲೈಯಲ್ಲಿ ಇಸ್ಕಾನ್ ಸಂಸ್ಥೆಯನ್ನು ನೋಂದಾಯಿಸಿದರು. ಆ ದಿನಗಳಲ್ಲಿ ಅವರು ಈ ದೇಶದಲ್ಲಿ ಉಳಿಯಲು ಹೆಸರಿನಿಂದಲೂ ಹಣದಿಂದಲೂ ನೆರವಾದವರಲ್ಲಿ ಕವಿ ಆಲನ್ ಗಿನ್ಸ್‌ಬರ್ಗ್ ಒಬ್ಬರು. ಗಿನ್ಸ್‌ಬರ್ಗ್ ಪೂರ್ಣಾರ್ಥದಲ್ಲಿ ಶಿಷ್ಯರಲ್ಲ. ಸ್ವಾಮಿಗಳು ವಿಧಿಸಿದ ನಿಯಮಗಳಲ್ಲಿ ಹಲವನ್ನು ಅವರು ಒಪ್ಪಲೂ ಇಲ್ಲ, ಪಾಲಿಸಲೂ ಇಲ್ಲ. ಹೀಗಿದ್ದೂ ಬೆಂಬಲಿಸಿದರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಒಬ್ಬ ಬೋಧಕನ ಎಲ್ಲ ಮಾತನ್ನೂ ತಲೆಯ ಮೇಲೆ ಹೊತ್ತವನು ಮಾತ್ರ ಆತನ ಪರವಾಗಿ ನಿಲ್ಲಬಲ್ಲ ಎಂಬುದು ನಿಜವಲ್ಲ. ಭಿನ್ನಾಭಿಪ್ರಾಯ ಉಳಿಸಿಕೊಂಡವನ ಸಾಕ್ಷಿಗೆ ಕೆಲವೊಮ್ಮೆ ತೂಕ ಹೆಚ್ಚು. ಬೆಂಗಳೂರಿನ ರಾಜಾಜಿನಗರದ ಬೆಟ್ಟದ ಮೇಲಿನ ಇಸ್ಕಾನ್ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುವಾಗ ಆ ವೀಸಾ ವಿಸ್ತರಣೆಗಳನ್ನು ಯಾರೂ ನೆನೆಯುವುದಿಲ್ಲ, ನೆನೆಯಬೇಕಾದ ಅಗತ್ಯವೂ ಇಲ್ಲ ಬಿಡಿ.

ಇದಕ್ಕೆ ತದ್ವಿರುದ್ಧವಾದ ಪ್ರಕರಣ ರಜನೀಶರದು. ಓಶೋ ಎಂಬ ಹೆಸರಿನಲ್ಲಿ ಕನ್ನಡದಲ್ಲೂ ಅವರಿಗೆ ದೊಡ್ಡ ಓದುಗ ವರ್ಗವಿದೆ. ಅವರ ಬೋಧನೆಯ ಮೌಲ್ಯ ನಿರ್ಣಯ ಇಲ್ಲಿ ನನ್ನ ಕೆಲಸವಲ್ಲ. 1981ರ ಜೂನ್ 1ರಂದು ಅವರು ಪುಣೆಯಿಂದ ನ್ಯೂಯಾರ್ಕಿಗೆ ಬಂದದ್ದು ಚಿಕಿತ್ಸೆಯ ಕಾರಣ ಕೊಟ್ಟು ಪಡೆದ ಸಂದರ್ಶಕ ವೀಸಾದ ಮೇಲೆ. ಮುಂದಿನ ತಿಂಗಳೇ ಶಿಷ್ಯರು ಆರೆಗಾನ್ ರಾಜ್ಯದಲ್ಲಿ 64,000 ಎಕರೆಗೂ ಮಿಕ್ಕ ಜಮೀನನ್ನು ಸುಮಾರು 57.5 ಲಕ್ಷ ಡಾಲರಿಗೆ ಕೊಂಡರು, ಅಲ್ಲಿ ರಜನೀಶಪುರಂ ಎಂಬ ಊರೇ ಎದ್ದಿತು. ಧಾರ್ಮಿಕ ಬೋಧಕರೆಂಬ ನೆಲೆಯಲ್ಲಿ ಶಾಶ್ವತ ನಿವಾಸಕ್ಕೆ ಹಾಕಿದ ಅರ್ಜಿಯನ್ನು ವಲಸೆ ಇಲಾಖೆ 1982ರ ಕೊನೆಯಲ್ಲಿ ತಿರಸ್ಕರಿಸಿತು. ಕೊಟ್ಟ ಕಾರಣಗಳಲ್ಲಿ ಒಂದು ಇಂದಿಗೂ ಯೋಚನೆಗೆ ಹಚ್ಚುವಂಥದ್ದು. ರಜನೀಶರು 1981ರ ಏಪ್ರಿಲ್‌ನಿಂದ ಸಾರ್ವಜನಿಕ ಮೌನದಲ್ಲಿದ್ದರು. ಆರೋಗ್ಯವೂ ಸರಿಯಿಲ್ಲ, ಮಾತೂ ಆಡುವುದಿಲ್ಲ ಎನ್ನುವ ವ್ಯಕ್ತಿ ಬೋಧಕನ ಕೆಲಸ ಮಾಡುವುದು ಹೇಗೆ ಎಂದು ಅಧಿಕಾರಿಗಳು ಕೇಳಿದರು. ಮೌನವ್ಯಾಖ್ಯಾನದಿಂದಲೇ ಶಿಷ್ಯರ ಸಂಶಯ ಕಳೆದ ಆಲದ ಮರದಡಿಯ ಗುರು ದಕ್ಷಿಣಾಮೂರ್ತಿಯನ್ನು ಸ್ತುತಿಸುತ್ತ ಬೆಳೆದ ನನ್ನಂಥವನಿಗೆ ಈ ಪ್ರಶ್ನೆ ಕೇಳಿ ನಗು ಬಂತು. ಆದರೆ ಒಪ್ಪಲೇಬೇಕು, ಮೌನಕ್ಕೆ ಸಾಕ್ಷಿಯಾಗಿ ಸರ್ಕಾರಕ್ಕೆ ಏನನ್ನು ಲಗತ್ತಿಸುವುದು? 1984ರಲ್ಲಿ ಇಲಾಖೆ ಅವರನ್ನು ಧಾರ್ಮಿಕ ಬೋಧಕರ ವರ್ಗಕ್ಕೆ ಸೇರಿಸಲು ಒಪ್ಪಿತಾದರೂ ಶಾಶ್ವತ ನಿವಾಸದ ಅನುಮತಿ ಅವರಿಗೆ ಸಿಗಲೇ ಇಲ್ಲ.

ಈ ನಡುವೆ ಶಿಷ್ಯರು ಏನೆಲ್ಲ ಮಾಡಿದರು ಎಂಬುದೇ ಈ ಪ್ರಕರಣದ ತಿರುಳು. ಸಂಘಟಿತ ಧರ್ಮಗಳನ್ನು ಜೀವನವಿಡೀ ಗೇಲಿ ಮಾಡಿದ ಬೋಧಕನ ಸುತ್ತ ಪದಾಧಿಕಾರಿಗಳು, ವಿಧಿಗಳು, ಗ್ರಂಥ ಎಲ್ಲ ಉಳ್ಳ ರಜನೀಶಿಸಂ ಎಂಬ ಧರ್ಮವೇ ನಿರ್ಮಾಣವಾಯಿತು. ಅರ್ಜಿಯ ಅಗತ್ಯಕ್ಕಾಗಿಯೇ ಅದನ್ನು ಕಟ್ಟಿದರು ಎಂದು ಖಡಾಖಂಡಿತವಾಗಿ ಹೇಳಲಾರೆ. ಆದರೆ ಧರ್ಮವೊಂದರ ಆಕಾರ ಇದ್ದರೆ ಅರ್ಜಿಗೆ ಅನುಕೂಲವೆಂಬುದು ಅಲ್ಲಿದ್ದ ವಕೀಲರಿಗೆ ತಿಳಿಯದ ಸಂಗತಿಯಾಗಿರಲಾರದು. 1985ರ ಸೆಪ್ಟೆಂಬರ್‌ನಲ್ಲಿ, ಕಾರ್ಯದರ್ಶಿ ಶೀಲಾ ಹೊರಟುಹೋದ ಮೇಲೆ, ರಜನೀಶರು ಆ ಧರ್ಮ ಮುಗಿಯಿತೆಂದು ಸಾರಿದರು. ಅದರ ಗ್ರಂಥದ ಪ್ರತಿಗಳನ್ನು ಸುಡಲಾಯಿತು. ಅಕ್ಟೋಬರ್‌ನಲ್ಲಿ ಅವರ ಮತ್ತು ಕೆಲವು ಶಿಷ್ಯರ ಮೇಲೆ ವಲಸೆ ಕಾನೂನಿಗೆ ಸಂಬಂಧಿಸಿದ 35 ಆರೋಪಗಳ ಪಟ್ಟಿ ಹೊರಬಿತ್ತು, 28ರಂದು ನಾರ್ತ್ ಕ್ಯಾರೊಲಿನದ ಶಾರ್ಲಟ್ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ನವೆಂಬರ್‌ನಲ್ಲಿ ಅವರು ಎರಡು ಆರೋಪಗಳ ಮೇಲೆ ಆಲ್ಫರ್ಡ್ ಹೇಳಿಕೆ ಸಲ್ಲಿಸಿದರು. ಅಂದರೆ ತಪ್ಪನ್ನು ಒಪ್ಪಿಕೊಳ್ಳದೆ, ಶಿಕ್ಷೆಗೆ ಸಾಕಾಗುವಷ್ಟು ಸಾಕ್ಷ್ಯ ಸರ್ಕಾರದ ಬಳಿ ಇದೆ ಎಂದು ಮಾತ್ರ ಒಪ್ಪುವ ಹೇಳಿಕೆ. ಒಂದು ಆರೋಪ, 1981ರಲ್ಲಿ ವೀಸಾ ಕೇಳುವಾಗ ಇಲ್ಲೇ ಉಳಿಯುವ ಉದ್ದೇಶವನ್ನು ಮುಚ್ಚಿಟ್ಟದ್ದು. ಇನ್ನೊಂದು, ವಿದೇಶಿ ಶಿಷ್ಯರಿಗೆ ಇಲ್ಲಿ ನೆಲೆ ದೊರಕಿಸಲು ಹುಸಿ ಮದುವೆಗಳನ್ನು ಮಾಡಿಸುವ ಒಳಸಂಚು. 4 ಲಕ್ಷ ಡಾಲರ್ ಕಟ್ಟಿ, ಅಮಾನತಿನಲ್ಲಿಟ್ಟ ಹತ್ತು ವರ್ಷದ ಸೆರೆವಾಸದ ಶಿಕ್ಷೆ ಹೊತ್ತು ದೇಶ ಬಿಟ್ಟರು. ಆಮೇಲೆ ನೇಪಾಳ, ಗ್ರೀಸ್, ಉರುಗ್ವೆ ಎಂದು ಅಲೆದು, ಹಲವು ದೇಶಗಳಿಂದ ಇಲ್ಲವೆನ್ನಿಸಿಕೊಂಡು, 1986ರ ಜುಲೈಯಲ್ಲಿ ಮುಂಬೈಗೆ ಮರಳಿದರು.

ಅಮೆರಿಕದ ಸರ್ಕಾರ ಅವರನ್ನು ಹೊರಹಾಕಬೇಕೆಂದು ನಿಶ್ಚಯಿಸಿಕೊಂಡೇ ಇತ್ತು ಎಂದು ಅವರ ಅನುಯಾಯಿಗಳು ಇಂದಿಗೂ ವಾದಿಸುತ್ತಾರೆ. ಅದರಲ್ಲಿ ಸತ್ಯದ ಅಂಶ ಇಲ್ಲದಿಲ್ಲ. ಆರೆಗಾನಿನ ರಾಜಕಾರಣಿಗಳಾಗಲಿ ನೆರೆಹೊರೆಯವರಾಗಲಿ ಆ ಊರನ್ನು ಸಹಿಸಿಕೊಂಡಿರಲಿಲ್ಲ. ಆದರೆ ಹುಸಿ ಮದುವೆಯ ದಾಖಲೆಗೆ ಸಹಿ ಹಾಕಿದವರನ್ನು ಸರ್ಕಾರ ಸೃಷ್ಟಿಸಿರಲಿಲ್ಲ. ಅವರು ತಮ್ಮ ಮನಸ್ಸಿನಲ್ಲಿ ಗುರುಸೇವೆಯನ್ನೇ ಮಾಡುತ್ತಿದ್ದರು ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಗುರುವಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎನ್ನುವ ಶಿಷ್ಯ ಸತ್ಸಂಗದಲ್ಲಿ ಪ್ರಶಂಸೆಗೆ ಪಾತ್ರನಾಗುತ್ತಾನೆ. ವಲಸೆ ಕಚೇರಿಯ ಮುಂದೆ ಆ ಗುರುವಿಗೆ ಅವನಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಇಂದಿನ ವ್ಯವಸ್ಥೆ ಈ ಬಗೆಯ ಅನುಭವಗಳ ಮೇಲೆ ನಿಂತಿದೆ. ಧಾರ್ಮಿಕ ಕಾರ್ಯಕರ್ತರಿಗೆಂದೇ ಆರ್-1 ಎಂಬ ವೀಸಾ ವರ್ಗವನ್ನು 1990ರ ಕಾನೂನು ಸೃಷ್ಟಿಸಿತು. ಈಗ ಅದರ ಅವಧಿ ಮೊದಲು ಮೂವತ್ತು ತಿಂಗಳು, ಒಟ್ಟು ಐದು ವರ್ಷ. 2006ರಲ್ಲಿ ವಲಸೆ ಇಲಾಖೆಯವರೇ 220 ಧಾರ್ಮಿಕ ಅರ್ಜಿಗಳನ್ನು ಮಾದರಿಯಾಗಿ ತೆಗೆದು ಪರಿಶೀಲಿಸಿದಾಗ ಮೂರರಲ್ಲಿ ಒಂದು ಪಾಲು ಮೋಸದ್ದೆಂದು ಕಂಡುಬಂತು: ಇಲ್ಲದ ದೇವಾಲಯ, ಇಲ್ಲದ ಹುದ್ದೆ, ಇಲ್ಲದ ಪೂಜೆ. ಅದರ ಬೆನ್ನಿಗೆ 2008ರ ನವೆಂಬರಿನಲ್ಲಿ ಬಂದ ನಿಯಮಗಳು ಅಧಿಕಾರಿಗಳು ಸ್ಥಳಕ್ಕೆ ಬಂದು ತಪಾಸಣೆ ಮಾಡುವುದನ್ನೂ ಸಂಭಾವನೆಗೆ ಪರಿಶೀಲಿಸಬಹುದಾದ ದಾಖಲೆ ಕೇಳುವುದನ್ನೂ ಜಾರಿಗೆ ತಂದವು. ಶಾಶ್ವತ ನಿವಾಸದ ಅರ್ಜಿಯಾದರೆ ವಾರಕ್ಕೆ ಕನಿಷ್ಠ 35 ಗಂಟೆಗಳ ಪೂರ್ಣಾವಧಿ ಕೆಲಸ ಎಂದು ತೋರಿಸಬೇಕು.

ನಮ್ಮ ಮಂಡಲಿಯಲ್ಲಿ ನಿಜವಾದ ಜಿಜ್ಞಾಸೆ ಹುಟ್ಟಿದ್ದು ಸಂಭಾವನೆಯ ಪ್ರಶ್ನೆಯಲ್ಲಿ. ಸ್ವಾಮಿಗಳು ಸಂಬಳ ಪಡೆಯುವುದಿಲ್ಲ, ಹಣ ಮುಟ್ಟುವುದೂ ಅಪರೂಪ. ಅವರ ವಸತಿ, ಆಹಾರ, ಆರೋಗ್ಯ ವಿಮೆಯನ್ನು ಮಂಡಲಿ ನೋಡಿಕೊಳ್ಳುತ್ತದೆ. ನಿಯಮಗಳು ಇದಕ್ಕೆ ಅವಕಾಶ ಕೊಡುತ್ತವೆ; ವಸತಿ ಮತ್ತು ಊಟವೂ ಸಂಭಾವನೆಯೇ, ದಾಖಲೆ ಇದ್ದರೆ ಸಾಕು. ಹಾಗಾಗಿ ಬಾಡಿಗೆಯ ಕರಾರು, ವಿಮೆಯ ಕಂತು, ದಿನಸಿ ಅಂಗಡಿಯ ರಸೀದಿಗಳು, ಕೊನೆಗೆ ತೊಂಡೆಕಾಯಿ ಬೆಂಡೆಕಾಯಿಗಳ ಲೆಕ್ಕವೂ ಕಡತಕ್ಕೆ ಸೇರಿದವು. ಯತಿಗಳಿಗೆ ಇಕ್ಕಿದ ಭಿಕ್ಷೆಯನ್ನು ಸಂಭಾವನೆಯೆಂದು ಬರೆದುಕೊಡುವುದು ಅಪಚಾರ ಎಂದು ಕೆಲವರು ಕೈ ಹಿಂದೆಗೆದರು. ಅವರ ಸಂಕೋಚವನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ಏನೇನು ಓದಿಸುತ್ತಿದ್ದರು, ಯಾರಿಗೆಲ್ಲ ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಔಷಧ ಹೇಗೆ ದೊರೆಯುತ್ತಿತ್ತು ಎಂಬುದನ್ನೆಲ್ಲ ಅದು ಕಲ್ಲಿನ ಮೇಲೆ ಹೇಳುತ್ತದೆ. ಕನ್ನಡ ನಾಡಿನ ದತ್ತಿ ಶಾಸನಗಳನ್ನು ಓದಿದವರಿಗೆ ಗೊತ್ತು: ತಪಸ್ವಿಗಳ ಆಹಾರದಾನಕ್ಕೆ ಬಿಟ್ಟ ಗದ್ದೆ ಎಷ್ಟು, ಅದರ ಎಲ್ಲೆ ಯಾವುದು, ದೀಪಕ್ಕೆ ಎಣ್ಣೆ ಎಷ್ಟು ಎಂದು ಬರೆಯಿಸಿ, ಸಾಕ್ಷಿಗಳ ಹೆಸರು ಹಾಕಿಸಿ, ಅಳಿಪಿದವರಿಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ನಾವು ಮಾಡಿದ್ದು ಅದನ್ನೇ, ಶಾಪದ ಸಾಲೊಂದನ್ನು ಬಿಟ್ಟು.

ಕಾನೂನಿಗೆ ನಿಜಕ್ಕೂ ಅರ್ಥವಾಗದ ಸಂಗತಿ ಬೇರೆ ಇದೆ. ಪರಿವ್ರಾಜಕನಿಗೆ, ಅಂದರೆ ಸಂಚಾರಿ ಸನ್ಯಾಸಿಗೆ, ನೆಲೆ ಇರಬಾರದು. ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಎಂಬ ನಿಯಮವನ್ನು ಯತಿಧರ್ಮ ಹೇಳುತ್ತದೆ. ಮಳೆಗಾಲದ ಚಾತುರ್ಮಾಸ್ಯದಲ್ಲಿ ಮಾತ್ರ ಒಂದೆಡೆ ನಿಲ್ಲಬೇಕು. ವಲಸೆ ಕಾನೂನಿಗಾದರೋ ಕೆಲಸದ ಸ್ಥಳ, ವಿಳಾಸ, ವಾರದ ವೇಳಾಪಟ್ಟಿ ಬೇಕು, ಮತ್ತು ಶಾಶ್ವತ ನಿವಾಸ ಎಂಬ ಮಾತೇ ಕಾವಿಯುಟ್ಟವರ ಬಾಯಲ್ಲಿ ವಿಚಿತ್ರವಾಗಿ ಕೇಳಿಸುತ್ತದೆ. ಇದನ್ನು ಸ್ವಾಮಿಗಳ ಮುಂದೆಯೇ ಒಮ್ಮೆ ಎತ್ತಿದ್ದೆ. "ಪಾಠ ಆರಂಭಿಸಿದ ಮೇಲೆ ಮುಗಿಸಬೇಕಲ್ಲ, ಬೃಹದಾರಣ್ಯಕೋಪನಿಷತ್ತಿನ ಭಾಷ್ಯ ಐದು ರಾತ್ರಿಗೆ ಮುಗಿಯುವುದಿಲ್ಲ" ಎಂದರು. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಡಲಿಲ್ಲ. ಸಂಪ್ರದಾಯದ ಒಳಗೂ ಇದು ಬಗೆಹರಿದ ವಿಷಯವಲ್ಲ. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಗಳಲ್ಲಿ ಸಂಚರಿಸಿ ಅಮೆರಿಕದಲ್ಲಿ ಕೃಷ್ಣ ಮಂದಿರಗಳನ್ನು ಕಟ್ಟಿಸಿದ ಮೇಲೆ, ಕೃಷ್ಣಪೂಜೆಯ ಹೊಣೆ ಅವರ ಸರದಿಗೆ ಬಂದ 2008ರ ಪರ್ಯಾಯದ ಹೊತ್ತಿಗೆ, ಸಮುದ್ರ ದಾಟಿದ ಯತಿ ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದದ್ದು ಕನ್ನಡಿಗರಿಗೆ ನೆನಪಿರಬಹುದು. ಹೊರಗೆ ಬರಲು ಒಂದು ಅನುಮತಿ, ಹೊರಗೆ ಹೋದದ್ದಕ್ಕೆ ಇನ್ನೊಂದು. ಸರ್ಕಾರಗಳು ಒಮ್ಮೊಮ್ಮೆ ಈ ವಿಷಯದಲ್ಲಿ ಹೆಚ್ಚು ಮೃದುವಾಗಿರುತ್ತವೆ ಎಂಬುದಕ್ಕೂ ಉದಾಹರಣೆ ಇದೆ. ಪೂರ್ವಾಶ್ರಮವನ್ನು ತೊರೆದವರು ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯ ಹೆಸರಿನ ಜಾಗದಲ್ಲಿ ಗುರುವಿನ ಹೆಸರನ್ನು ಬರೆಯಬಹುದು ಎಂದು ಭಾರತದ ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲಿ ಒಪ್ಪಿತು. ಷರತ್ತು ಇಷ್ಟೇ, ಬೇರೊಂದು ಸರ್ಕಾರಿ ಗುರುತಿನ ದಾಖಲೆಯಲ್ಲಿಯೂ ಆ ಹೆಸರು ಹಾಗೆಯೇ ಇರಬೇಕು.

ಪತ್ರದ ಒಂದು ಸಾಲಿನ ಬಗ್ಗೆ ಮಂಡಲಿಯಲ್ಲಿ ಬಹಳ ಚರ್ಚೆಯಾಯಿತು. ನಮ್ಮ ಪೈಕಿ ಹಿರಿಯರಾದ ರಾಯರು, ಈ ದೇಶದಲ್ಲಿ ಇವರ ಸ್ಥಾನವನ್ನು ತುಂಬಬಲ್ಲವರು ಇನ್ನೊಬ್ಬರಿಲ್ಲ ಎಂದು ಬರೆದಿದ್ದರು. ಮಕ್ಕಳ ಗ್ರೀನ್ ಕಾರ್ಡಿನ ಕಾಲದಲ್ಲಿ ಕಲಿತ ಪಾಠವದು: ಕಂಪನಿಗಳು ಈ ಹುದ್ದೆಗೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂದು ತೋರಿಸಬೇಕಾಗುತ್ತದೆ. ಧಾರ್ಮಿಕ ವರ್ಗದಲ್ಲಿ ಅಂಥ ಪರೀಕ್ಷೆಯೇ ಇಲ್ಲ ಎಂದು ವಕೀಲರು ವಿವರಿಸಿದರೂ ರಾಯರು ಸಾಲನ್ನು ಬಿಡಲು ಸಿದ್ಧರಿರಲಿಲ್ಲ. ಕರಡು ಸ್ವಾಮಿಗಳ ಕೈಗೆ ಹೋಯಿತು. ಅವರು ನಿಧಾನವಾಗಿ ಓದಿ, "ರಾಯರೇ, ಇದು ಸುಳ್ಳಾಗುತ್ತದೆಯಲ್ಲ. ನನ್ನ ಜೊತೆ ಪಾಠ ಕೇಳಿದವರು ಇಬ್ಬರು ಇದೇ ದೇಶದಲ್ಲಿದ್ದಾರೆ, ಒಬ್ಬರು ನನಗಿಂತ ಚೆನ್ನಾಗಿ ಓದಿದವರು" ಎಂದರು. ರಾಯರು, "ಸ್ವಾಮಿಗಳೇ, ನಮಗೆ ನೀವೇ ಬೇಕು" ಎಂದರು. "ಹಾಗಾದರೆ ಹಾಗೆಯೇ ಬರೆಯಿರಿ" ಎಂದರು ಅವರು. ಕೊನೆಯ ಪತ್ರದಲ್ಲಿ ಆ ಸಾಲು ಹಾಗೆಯೇ ಇದೆ: ಇವರ ಬಳಿ ಆರಂಭಿಸಿದ ಅಧ್ಯಯನವನ್ನು ಇವರ ಬಳಿಯೇ ಮುಂದುವರಿಸಲು ನಾವು ಬಯಸುತ್ತೇವೆ. ವಕೀಲರು ಅದರ ಮುಂದೆ ಯಾವ ಪ್ರಶ್ನೆಯನ್ನೂ ಬರೆಯಲಿಲ್ಲ.

ನನ್ನ ಪತ್ರದಲ್ಲಿ ಮಂಗಳವಾರ ಸಂಜೆಯ ಗೀತಾಭಾಷ್ಯ, ಶನಿವಾರ ಬೆಳಗಿನ ಉಪನಿಷತ್ ಪಾಠ, ಮಕ್ಕಳ ಸಂಸ್ಕೃತ ತರಗತಿ, ಆಸ್ಪತ್ರೆಯಲ್ಲಿದ್ದ ಸದಸ್ಯರನ್ನು ಕಾಣಲು ಅವರು ಹೋಗಿಬರುತ್ತಿದ್ದದ್ದು, ಇಷ್ಟಿದೆ. ಸಂಶಯ ಕೇಳಿದವರನ್ನು ಗದರಿಸುವುದಿಲ್ಲ ಎಂದೂ ಬರೆದೆ, ಅದನ್ನು ನಾನು ಕಂಡಿದ್ದೇನೆ. ಅವರು ಜ್ಞಾನಿಗಳೇ ಎಂಬುದನ್ನು ಬರೆಯಲಿಲ್ಲ. ನನಗೆ ಆ ನಂಬಿಕೆ ಇದೆ, ಆದರೆ ಅದಕ್ಕೆ ನಾನು ಸಾಕ್ಷಿಯಾಗಲಾರೆ. ಯಾರೂ ಆಗಲಾರರು ಎಂದು ಅವರೇ ಗೀತೆಯ ಸ್ಥಿತಪ್ರಜ್ಞನ ಶ್ಲೋಕಗಳ ಪಾಠದಲ್ಲಿ ಹೇಳಿದ್ದುಂಟು.

ಅರ್ಜಿ ಹೋದ ಕೆಲವು ಕಾಲಕ್ಕೆ ತಪಾಸಣೆಯ ಅಧಿಕಾರಿಯೊಬ್ಬರು ಮುನ್ಸೂಚನೆ ಇಲ್ಲದೆ ಬಂದರು. ಸ್ವಾಮಿಗಳು ಒಳಗೆ ಪಾಠದಲ್ಲಿದ್ದರು. ಅಡುಗೆಮನೆಯಲ್ಲಿ ಪ್ರಸಾದಕ್ಕೆ ಅವಲಕ್ಕಿ ಕಲಸುತ್ತಿದ್ದ ಲಲಿತಕ್ಕನನ್ನು ಆ ಅಧಿಕಾರಿ ಪಾಠದ ಸಮಯ, ಗ್ರಂಥ, ಸ್ವಾಮಿಗಳು ಎಲ್ಲಿ ವಾಸಿಸುತ್ತಾರೆ ಎಂದು ಕೇಳಿದರು. ಆಕೆ ನಮ್ಮ ಯಾವ ಪತ್ರವನ್ನೂ ಓದಿದವರಲ್ಲ. ಆಕೆ ಹೇಳಿದ್ದಕ್ಕೂ ಪತ್ರಗಳಲ್ಲಿ ಇದ್ದದ್ದಕ್ಕೂ ವ್ಯತ್ಯಾಸ ಬರಲಿಲ್ಲ, ಹಿಂದಿನ ವಾರ ಹಿಮ ಬಿದ್ದು ಪಾಠ ನಡೆಯಲಿಲ್ಲ ಎಂಬ ಹೆಚ್ಚಿನ ಮಾಹಿತಿಯನ್ನೂ ಕೊಟ್ಟರಂತೆ. ಅಧಿಕಾರಿ ಬರೆದುಕೊಂಡರು, ಕಾಫಿ ಬೇಡವೆಂದರು, ಪಾಠದ ಕೊಠಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟರು.

ಈಗ ಇರುವುದು ಸರದಿಯ ಪ್ರಶ್ನೆ. ಧಾರ್ಮಿಕ ಕಾರ್ಯಕರ್ತರು ಸೇರುವ ನಾಲ್ಕನೇ ಉದ್ಯೋಗ ಆದ್ಯತೆಯ ವರ್ಗಕ್ಕೆ ವರ್ಷಕ್ಕೆ ಸುಮಾರು 10,000 ಗ್ರೀನ್ ಕಾರ್ಡುಗಳಿವೆ. ಬೇರೆ ವರ್ಗದ ಅರ್ಜಿದಾರರೂ ಅದೇ ಸಾಲಿನಲ್ಲಿದ್ದಾರೆ, ಮತ್ತು 2023ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಲೆಕ್ಕ ಹಾಕುವ ಕ್ರಮವನ್ನು ಬದಲಿಸಿದ ಮೇಲೆ ಆ ಸಾಲು ವರ್ಷಗಟ್ಟಲೆ ಉದ್ದವಾಗಿದೆ. ಕ್ಯಾಥೊಲಿಕ್ ಪಾದ್ರಿಗಳು, ಬೌದ್ಧ ಭಿಕ್ಷುಗಳು, ಇಮಾಮರು, ನಮ್ಮ ದೇವಸ್ಥಾನಗಳ ಅರ್ಚಕರು ಎಲ್ಲರೂ ಅದರಲ್ಲಿ ಒಟ್ಟಿಗೆ ನಿಂತಿದ್ದಾರೆ, ಹಲವರ ಆರ್-1 ಅವಧಿ ಸರದಿ ಬರುವ ಮೊದಲೇ ಮುಗಿಯುತ್ತದೆ. ಸ್ವಾಮಿಗಳದ್ದೂ ಹಾಗಾಗಬಹುದೆಂದು ವಕೀಲರು ಮೊದಲೇ ಹೇಳಿದ್ದಾರೆ. ಬೃಹದಾರಣ್ಯಕದ ಮೈತ್ರೇಯಿ ಬ್ರಾಹ್ಮಣವೆಂಬ ಭಾಗವನ್ನಾದರೂ ಅಷ್ಟರೊಳಗೆ ಮುಗಿಸಬೇಕೆಂದು ಸ್ವಾಮಿಗಳು ಶನಿವಾರದ ಪಾಠವನ್ನು ಅರ್ಧ ಗಂಟೆ ಮೊದಲು ಆರಂಭಿಸುತ್ತಿದ್ದಾರೆ. ಬದಲಾದ ವೇಳೆಯನ್ನು ವಕೀಲರಿಗೆ ತಿಳಿಸಿ, ಕಡತದಲ್ಲಿ ತಿದ್ದಿಸಿದ್ದೇವೆ.